ಪಾದಯಾತ್ರೆಯಲ್ಲಿ ದಣಿವು ಮತ್ತು ನೋವು

ಯುಗಾದಿ ಸಮೀಪಿಸಿದಂತೆ ನಮ್ಮ ಚಿಕಿತ್ಸಾಲಯಕ್ಕೆ ಶ್ರೀಶೈಲದ ಪಾದಯಾತ್ರೆಗೆ ಹೊರಟ ಸದ್ಭಕ್ತರು ಎಣ್ಣೆ, ಲೇಪಗಳನ್ನು ಕೇಳಿಕೊಂಡು ಬರುತ್ತಾರೆ. ಹಬ್ಬ ಮುಗಿದ ಮೇಲೆ ಅವರಲ್ಲಿ ಕೆಲವರು ಕುಂಟುತ್ತ ಬರುತ್ತಾರೆ. ಹೀಗೆ ಬಂದವರಾರೂ ತಿಳಿಯದೆ ಕಾಲು ಕೆಡಿಸಿಕೊಂಡವರಲ್ಲ. ನೋವು ಮೂರು ದಿನ ಮೊದಲೇ ಹೇಳಿತ್ತು, ಅವರು ಕೇಳಲಿಲ್ಲ. “ಮಲ್ಲಯ್ಯನ ಹಾದ್ಯಾಗ ನೋವು ಲೆಕ್ಕಕ್ಕಿಲ್ಲರಿ” ಎಂಬುದು ಅವರ ಉತ್ತರ. ಆ ಭಕ್ತಿಗೆ ನಾವು ತಲೆಬಾಗುತ್ತೇವೆ. ಆ ಲೆಕ್ಕವನ್ನು ಮಾತ್ರ ಒಪ್ಪಲಾರೆವು.

ಶ್ರಮವು ದೇಹಕ್ಕೆ ಹಿತಕರವೆಂದೇ ಆಯುರ್ವೇದದ ಮತ. ಅದರಿಂದ ಮೈ ಹಗುರಾಗುತ್ತದೆ, ಜಠರಾಗ್ನಿ ಚುರುಕಾಗುತ್ತದೆ. ಆದರೆ ಶ್ರಮವು ಅರ್ಧಶಕ್ತಿಗೆ ನಿಲ್ಲಬೇಕೆಂದು ನಮ್ಮ ಆಚಾರ್ಯರು ಮಿತಿ ಹಾಕಿದ್ದಾರೆ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರೊಡೆದು, ಬಾಯಿ ಒಣಗಿ, ಬಾಯಿಂದ ಉಸಿರಾಡುವಂತಾದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಬೇಸಿಗೆಯಲ್ಲಿ ಅದಕ್ಕಿಂತಲೂ ಕಡಿಮೆ. ಯುಗಾದಿಯು ಪಂಚಾಂಗದಲ್ಲಿ ವಸಂತವಾದರೂ ರಾಯಚೂರು, ಕರ್ನೂಲು ಸೀಮೆಯ ಬಿಸಿಲಿಗೆ ಪಂಚಾಂಗ ತಿಳಿಯದು.

ನಡಿಗೆಯ ಮರುದಿನ ತೊಡೆ, ಮೀನಖಂಡಗಳು ಬಿಗಿದು ನೋಯುವುದು ಸಹಜ. ಭೀಮನಕೊಳ್ಳದ ಇಳಿಜಾರಿನ ನಂತರ ಅದು ಇನ್ನೂ ಹೆಚ್ಚು; ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕಾಗುತ್ತದೆ. ಈ ನೋವು ಎರಡೂ ಕಾಲುಗಳಲ್ಲಿ ಹರಡಿಕೊಂಡಿರುತ್ತದೆ. ಎರಡು-ಮೂರನೆಯ ದಿನ ಏರಿ, ವಾರದೊಳಗೆ ತಾನೇ ಇಳಿಯುತ್ತದೆ. ನಾಲ್ಕು ಹೆಜ್ಜೆ ಮೆಲ್ಲಗೆ ನಡೆದರೆ ಬಿಗಿತ ಸಡಿಲವಾಗುತ್ತದೆ. ಇದಕ್ಕೆ ಅಂಜಬೇಕಿಲ್ಲ.

ಕೆಡುಕಿನ ನೋವಿನ ನಡತೆಯೇ ಬೇರೆ. ಅದು ಸಾಮಾನ್ಯವಾಗಿ ಒಂದೇ ಕಾಲಿನಲ್ಲಿ, ಕೀಲಿನಲ್ಲಿ ಅಥವಾ ಎಲುಬಿನ ಮೇಲೆ ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿರುತ್ತದೆ. ಹೆಜ್ಜೆಹೆಜ್ಜೆಗೆ ಹೆಚ್ಚುತ್ತದೆ, ನಡಿಗೆಯ ರೀತಿಯನ್ನೇ ಬದಲಿಸುತ್ತದೆ, ರಾತ್ರಿ ಮಲಗಿದರೂ ಬಿಡದು. ಹಿಂದೊಮ್ಮೆ ರೈತರೊಬ್ಬರು ಮೊಣಕಾಲಿನ ಕೆಳಗೆ ಇಂಥ ನೋವು ಬಂದಾಗ ನೋವಿನ ಮಾತ್ರೆ ನುಂಗಿ ನಾಲ್ಕು ದಿನ ನಡೆದರು. ಎಕ್ಸ್‌-ರೇಯಲ್ಲಿ ಎಲುಬು ಬಿರುಕು ಬಿಟ್ಟಿತ್ತು. ಮುಂಗಾರಿನ ಬಿತ್ತನೆಗೆ ಅವರು ಹೊಲಕ್ಕಿಳಿಯಲಾಗಲಿಲ್ಲ. ಕಾಯಕವನ್ನೇ ನಿಲ್ಲಿಸಿದ ವ್ರತವನ್ನು ಶರಣರು ಮೆಚ್ಚುತ್ತಿದ್ದರೇ? ಅವರನ್ನೇ ಕೇಳಿದೆವು. ಅವರು ಮಾತನಾಡಲಿಲ್ಲ.

ಮಾತ್ರೆಯ ವಿಷಯದಲ್ಲಿ ಇನ್ನೊಂದು ಮಾತು. ಅದು ನೋವನ್ನು ಮರೆಸುತ್ತದೆಯೇ ಹೊರತು ಬಿರುಕನ್ನು ಕೂಡಿಸದು. ಬೆವರಿ ನೀರಿಲ್ಲದೆ ಬತ್ತಿದ ದೇಹದಲ್ಲಿ ಇಂಥ ಹಲವು ಮಾತ್ರೆಗಳು ಮೂತ್ರಪಿಂಡಕ್ಕೂ ಅಪಾಯಕಾರಿ. ಹಾಗೆಯೇ, ಊದಿಕೊಂಡ ಕೀಲಿಗೆ ಮೊದಲೆರಡು ದಿನ ಬಿಸಿ ಎಣ್ಣೆ ತಿಕ್ಕುವುದೂ ತಪ್ಪು. ಈ ತಪ್ಪನ್ನು ನಮ್ಮ ವೃತ್ತಿಯವರೇ ಮಾಡುತ್ತಾರೆಂಬುದನ್ನು ಮುಚ್ಚಿಡುವುದಿಲ್ಲ.

ಎದೆಯಲ್ಲಿ ಬಿಗಿತ, ಅದು ತೋಳಿಗೋ ದವಡೆಗೋ ಹರಿಯುವುದು, ಕುಳಿತರೂ ಆರದ ಏದುಸಿರು, ಒಂದೇ ಮೀನಖಂಡದ ಊತ, ಕಪ್ಪು ಚಹಾದ ಬಣ್ಣದ ಮೂತ್ರ, ಇವು ಕಂಡರೆ ನಮ್ಮಂಥ ವೈದ್ಯರಿಗಾಗಿಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮುಂದಿನ ವರ್ಷ ಹೊರಡುವವರು ಸಂಕ್ರಾಂತಿಯಿಂದಲೇ ದಿನವೂ ನಡೆದು, ದೂರವನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿಕೊಳ್ಳಲಿ. ತಂಡದ ಹಿರಿಯರು ರಾತ್ರಿ ತಂಗುವಲ್ಲಿ ಪ್ರತಿಯೊಬ್ಬರ ಕಾಲನ್ನೂ ಕಣ್ಣಾರೆ ನೋಡಲಿ. ಜೊತೆಗಿರುವ ವಾಹನವನ್ನು ಹತ್ತಿದವರನ್ನು “ಹರಕೆ ಮುರಿದ” ಎಂದು ಯಾರೂ ಹಂಗಿಸದಿರಲಿ. ಕುಂಟುತ್ತ ಬಂದ ಅನೇಕರು ನಮ್ಮೆದುರು ಒಪ್ಪಿಕೊಂಡಿದ್ದು ಇದನ್ನೇ: ನಡೆಸಿದ್ದು ಮಲ್ಲಯ್ಯನಲ್ಲ, ಜೊತೆಯವರ ನಗೆಯ ಅಂಜಿಕೆ.