ಗಿಲ್ಲೆಸುಗೂರಿಗೆ ವಾರಕ್ಕೊಂದು ಸಂಜೆ: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ರಾಯಚೂರು ಜಿಲ್ಲಾಧಿಕಾರಿಗಳೇ,

ಮದ್ಯದ ಅಂಗಡಿ ಮುಚ್ಚಿಸಿ ಎಂದು ಕೇಳುವ ಅರ್ಜಿ ಇದಲ್ಲ. ಅದನ್ನು ಈ ಜಿಲ್ಲೆಯ ಹೆಣ್ಣುಮಕ್ಕಳು ನನಗಿಂತ ಗಟ್ಟಿಯಾಗಿ ಕೇಳಿದ್ದಾರೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋಗಿ ಕೇಳಿದ್ದಾರೆ. ನನ್ನ ಬೇಡಿಕೆ ಸಣ್ಣದು. ಕುಡಿತ ಬಿಡಬೇಕೆಂದು ಮನಸ್ಸು ಮಾಡಿದವರು ವಾರಕ್ಕೊಂದು ಸಂಜೆ ಕೂಡಲು ಗಿಲ್ಲೆಸುಗೂರಿನಲ್ಲಿ ಒಂದು ಕೋಣೆ ಕೊಡಿಸಿ. ಆ ಕೋಣೆ ಎಲ್ಲಿದೆ ಎಂದು ತಿಳಿಸುವ ಒಂದು ಬೋರ್ಡು ಹಾಕಿಸಿ.

ಕುಡಿತ ಬಿಡಿಸುವ ಕೆಲಸ ನಮ್ಮ ಕಡೆ ಹೊಸದಲ್ಲ. ಇಳಕಲ್‌ನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳು ಎಂಟು ದಿನ ನಡೆಯುತ್ತವೆ. ತೊಡಕಿರುವುದು ಒಂಬತ್ತನೆಯ ದಿನದಲ್ಲಿ. ಶಿಬಿರ ಮುಗಿಸಿದವನು ಗದ್ದೆಯಿಂದ ಬಂದು ಕೈಕಾಲು ತೊಳೆದುಕೊಂಡಿರುತ್ತಾನೆ, ಬಟವಾಡೆಯ ದುಡ್ಡು ಜೇಬಿನಲ್ಲಿರುತ್ತದೆ, ಗೆಳೆಯರು ಬಾಗಿಲಲ್ಲಿ ನಿಂತು ‘ಒಂದೇ ಕ್ವಾರ್ಟರ್, ಬಾರಲೇ’ ಅನ್ನುತ್ತಾರೆ. ಆ ಗಳಿಗೆಯಲ್ಲಿ ಶಿಬಿರದ ಭಾಷಣ ಯಾವುದೂ ನೆನಪಿಗೆ ಬರುವುದಿಲ್ಲ. ಹೋಗಿ ಕೂರಲು ಬೇರೊಂದು ಜಾಗ ಬೇಕು. ಧರ್ಮಸ್ಥಳದವರೂ ಇದನ್ನರಿತೇ ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳನ್ನು ಕಟ್ಟಿದ್ದು.

ಅಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದೂ ಇದೇ ಅರಿವಿನಿಂದ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಒಬ್ಬ ಷೇರು ವ್ಯವಹಾರದವ, ಒಬ್ಬ ಸರ್ಜನ್, ಹೀಗೆ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುಮಾಡಿದ್ದು ಅದು. 1957ರ ಹೊತ್ತಿಗೆ ಭಾರತಕ್ಕೂ ಬಂತು. ಅಲ್ಲಿ ಫೀಸಿಲ್ಲ, ಉಪದೇಶವಿಲ್ಲ, ಜಾತಿ ಕೇಳುವವರಿಲ್ಲ. ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಗುಂಡಗೆ ಹಾಕಿದ ಕುರ್ಚಿಗಳು, ಚಹಾ. ಒಬ್ಬ ಎದ್ದು ಬರೀ ಹೆಸರು ಹೇಳಿ ‘ನಾನೊಬ್ಬ ಕುಡುಕ’ ಎನ್ನುತ್ತಾನೆ, ತನ್ನ ಕತೆ ಹೇಳುತ್ತಾನೆ. ಉಳಿದವರು ನಡುವೆ ಬಾಯಿ ಹಾಕುವುದಿಲ್ಲ. ಕೊನೆಗೆ ಒಂದು ಡಬ್ಬಿ ಸುತ್ತುತ್ತದೆ, ಕೈಲಾದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ. ಇಷ್ಟರಿಂದ ಏನಾದೀತು ಅನ್ನಿಸಬಹುದು. ಆದರೆ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ 27 ಅಧ್ಯಯನಗಳನ್ನು ಕೂಡಿಸಿ ನೋಡಿದ 2020ರ ಕಾಕ್ರೇನ್ ಪರಿಶೀಲನೆಯಲ್ಲಿ, ಪೂರ್ತಿ ಕುಡಿತ ಬಿಟ್ಟವರ ಲೆಕ್ಕದಲ್ಲಿ ಈ ದಾರಿಯೇ ಬೇರೆ ಹಲವು ಚಿಕಿತ್ಸೆಗಳಿಗಿಂತ ಮುಂದಿತ್ತು.

ಈ ಸಂಘ ಹೊರಗಿನವರ ದುಡ್ಡು ಮುಟ್ಟುವುದಿಲ್ಲ. ಆದ್ದರಿಂದ ತಾವು ಅನುದಾನ ಹುಡುಕಬೇಕಿಲ್ಲ. ಪಂಚಾಯಿತಿಯದೋ ಶಾಲೆಯದೋ ಒಂದು ಕೋಣೆ ಸಾಕು, ಬಾಡಿಗೆ ಡಬ್ಬಿಯ ದುಡ್ಡಿನಲ್ಲೇ ಹೋಗುತ್ತದೆ. ಆದರೆ ಒಂದು ಮಾತನ್ನು ಕೈಮುಗಿದು ಕೇಳುತ್ತೇನೆ: ಹಾಜರಿ ಪುಸ್ತಕ ಬೇಡ, ಬ್ಯಾನರ್ ಬೇಡ, ಜಿಪಿಎಸ್ ಫೋಟೊ ಅಂತೂ ಬೇಡವೇ ಬೇಡ. ಹಳ್ಳಿಯಲ್ಲಿ ಯಾರು ಕುಡಿಯುತ್ತಾರೆ ಎಂಬುದು ಗುಟ್ಟಲ್ಲ, ಯಾರು ಬಿಡಲು ಹೊರಟಿದ್ದಾರೆ ಎಂಬುದೇ ಗುಟ್ಟು. ಒಬ್ಬ ಬಿಡುತ್ತಿದ್ದಾನೆಂದು ಗೊತ್ತಾದ ದಿನವೇ ಊರು ಪಣ ಕಟ್ಟುತ್ತದೆ, ಎಷ್ಟು ದಿನ ತಡೆದಾನು ಎಂದು.

ಸಭೆಯೊಂದೇ ಸಾಲದು ಎಂಬುದೂ ನಿಜ. ತೆಲುಗು ನಾಡಿಗೆ ಅಂಟಿದ ನಮ್ಮ ಗಡಿಯಲ್ಲಿ ಸೇಂದಿಯ ಹೆಸರಿನಲ್ಲಿ ಮಾರುವುದು ಸಿ.ಎಚ್. (ಕ್ಲೋರಲ್ ಹೈಡ್ರೇಟ್) ಪೌಡರ್ ಕಲಸಿದ ನೀರು ಎಂದು ತಮಗೆ ಅಬಕಾರಿಯವರೇ ಹೇಳಿಯಾರು. ವರ್ಷಗಟ್ಟಲೆ ಅದನ್ನೋ ಬ್ರಾಂದಿಯನ್ನೋ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈನಡುಕ, ಫಿಟ್ಸ್, ಬಡಬಡಿಕೆ ಶುರುವಾಗಬಹುದು, ಜೀವವೂ ಹೋಗಬಹುದು. ದೆವ್ವ ಹಿಡಿದಿದೆ ಎಂದು ತಾಯಿತ ಕಟ್ಟಿಸುವವರಿದ್ದಾರೆ. ಮೊದಲು ಡಾಕ್ಟರು, ಆಮೇಲೆ ಸಭೆ. ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಅವರು ಬರೆಯುವ ಚೀಟಿಯ ಹಿಂದೆ ಸಭೆಯ ದಿನ, ಹೊತ್ತು, ಜಾಗವನ್ನೂ ಬರೆದುಕೊಟ್ಟರೆ ಎರಡೂ ಕೂಡಿಬರುತ್ತವೆ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಗುತ್ತಿದೆ ಎಂದು ಕೇಂದ್ರ ಸರ್ಕಾರದ 2019ರ ಸಮೀಕ್ಷೆಯೇ ಹೇಳಿದೆ. ಉಳಿದ 37 ಜನ ಎಲ್ಲಿಗೆ ಹೋಗಬೇಕೆಂದು ಯಾರನ್ನು ಕೇಳಬೇಕು?

ಅದಕ್ಕೇ ಬೋರ್ಡು. ಆಸ್ಪತ್ರೆ, ಪಂಚಾಯಿತಿ, ಬಸ್ ನಿಲ್ದಾಣಗಳಲ್ಲಿ, ಕನ್ನಡ ತೆಲುಗು ಎರಡರಲ್ಲೂ ಬರೆಸಿ. ಸಂಕಟ ಹೇಳಿಕೊಳ್ಳುವಾಗ ನಮ್ಮ ಹೋಬಳಿಯ ಬಹಳ ಜನ ತಮಗರಿಯದೇ ತೆಲುಗಿಗೆ ಹೊರಳುತ್ತಾರೆ. 14446, ಅಂದರೆ ವ್ಯಸನಮುಕ್ತಿಯ ಉಚಿತ ಸಹಾಯವಾಣಿ, ಅದರ ಮೇಲಿರಲಿ. ಹೆಂಡತಿಯರು, ತಾಯಂದಿರು ಬೇರೆಯೇ ಕೂಡಲು ಇನ್ನೊಂದು ಹೊತ್ತು ಇರಲಿ, ಅವರ ಪಾಡು ಬೇರೆಯದೇ. ಹೊತ್ತು ಮಾತ್ರ ಕಚೇರಿಯ ಹೊತ್ತಾಗದಿರಲಿ. ಸಂಜೆ ಆರೂವರೆಗೆ ಕೀಲಿ ತೆಗೆದು ಕೊನೆಯ ಬಸ್ಸಿನ ಮುಂಚೆ ಹಾಕಿದರೆ ಸುತ್ತಲ ಹಳ್ಳಿಯವರಿಗೂ ಅನುಕೂಲ.

ಕುರ್ಚಿ ನಾವು ತರುತ್ತೇವೆ, ಕಸ ನಾವೇ ಗುಡಿಸುತ್ತೇವೆ. ಕೋಣೆಯ ಕೀಲಿ ಕೊಡಿಸಲು ಪಂಚಾಯಿತಿಗೆ ತಾವೊಂದು ಪತ್ರ ಬರೆದರೆ ಸಾಕು. ಈ ಆಗಸ್ಟ್ 1ರ ಸಮಾರಂಭಕ್ಕೆ ಮುಂಚೆ ಅದನ್ನು ಬರೆಯಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಗಿಲ್ಲೆಸುಗೂರು ಹೋಬಳಿಯ ಒಬ್ಬ ನಿವಾಸಿ