ಕಂಠವಿಲ್ಲದ ಡಂಗುರ

ಡಂಗುರ ಸಾರುವವರ ಸ್ಪರ್ಧೆಯೊಂದು ನಿಶ್ಶಬ್ದವಾಗಿ ನಡೆಯಿತೆಂದರೆ ಹಾಸ್ಯವೆನಿಸಬಹುದು. 2021ರಲ್ಲಿ, ಕೊರೊನಾ ಪಿಡುಗಿನ ನಡುವೆ, ಬ್ರಿಟನ್ನಿನ ಸ್ಪರ್ಧೆ ನಡೆದದ್ದು ಹಾಗೆಯೇ. ಸ್ಪರ್ಧಿಗಳು 140 ಪದಗಳ ಮಿತಿಯಲ್ಲಿ ಘೋಷಣೆಯನ್ನು ಬರೆದು ಕಳುಹಿಸಿದರು. ತೀರ್ಪು ಬರಹಕ್ಕೆ ಮಾತ್ರ. ಅನಿವಾರ್ಯತೆಯಿಂದ ಹುಟ್ಟಿದ ಈ ಏರ್ಪಾಡು ಮರೆತ ಸತ್ಯವೊಂದನ್ನು ಬಯಲಿಗೆ ತಂದಿತು: ಡಂಗುರವು ಮೊದಲು ರಚನೆ, ಆಮೇಲೆ ಕೂಗು.

ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಆತಿಥ್ಯ ವಹಿಸುವ ಊರುಗಳು ಇದನ್ನು ನೆನೆಯುವುದು ವಿರಳ. ಮೂರು ಮೂಲೆಯ ಟೋಪಿ, ಜರಿಯಂಚಿನ ನಿಲುವಂಗಿ, ಕೈಗಂಟೆ, ಪ್ರವಾಸಿಗರ ಕ್ಯಾಮೆರಾ: ಉತ್ಸವಕ್ಕೆ ಇಷ್ಟೇ ಸಾಕಾಗುತ್ತದೆ. ದನಿಯ ಗಾತ್ರಕ್ಕೂ ಉಚ್ಚಾರದ ಸ್ಪಷ್ಟತೆಗೂ ಅಂಕ ಸಲ್ಲತಕ್ಕದ್ದೇ. ಅಕ್ಷರ ಬಾರದ ಜನರಿಗೆ ಕಾನೂನಿನ, ಸಂತೆಯ, ಯುದ್ಧದ ವಾರ್ತೆಯನ್ನು ಮುಟ್ಟಿಸಿದ್ದು ಆ ದನಿಯೇ. ಆದರೆ ಒಮ್ಮೆ ಕೇಳಿದೊಡನೆ ನೆನಪಿನಲ್ಲಿ ನಿಲ್ಲುವಂತೆ ವಾಕ್ಯವನ್ನು ಕಟ್ಟದಿದ್ದರೆ ಬರಿಯ ದನಿಯಿಂದ ಆ ಕಾರ್ಯ ಸಾಗುತ್ತಿರಲಿಲ್ಲ. ಇಂದಿಗೂ ಮೂರು ಬಾರಿ ಕೂಗುವ ‘ಓಯೇ’ ಎಂಬುದು ‘ಕೇಳಿರಿ’ ಎಂಬರ್ಥದ ನಾರ್ಮನ್ ಫ್ರೆಂಚ್ ಪದ. ಇಂಗ್ಲೆಂಡನ್ನು ಆಳಿದವರ ಭಾಷೆಯ ಚರಿತ್ರೆ ಆ ಒಂದು ಕರೆಯಲ್ಲಿ ಉಳಿದಿದೆ.

ಕಲ್ಲಿನಲ್ಲಿ ಕೊರೆದ ರಾಜಾಜ್ಞೆ ಶಾಸನವೆನಿಸಿ ಸಾಹಿತ್ಯಚರಿತ್ರೆಗೆ ಸೇರಿತು. ಬೀದಿಯಲ್ಲಿ ಸಾರಿದ ಆಜ್ಞೆ ಗಾಳಿಗೆ ಹೋಯಿತು. ಗತಕಾಲದ ಆ ನಷ್ಟಕ್ಕೆ ಸಾಧನಗಳ ಕೊರತೆ ಕಾರಣ. ಇಂದು ಅಂತಹ ನೆಪವಿಲ್ಲ. ಆತಿಥೇಯ ಊರು ಪ್ರತಿ ಸ್ಪರ್ಧಿಯ ಪಠ್ಯವನ್ನು ಧ್ವನಿಮುದ್ರಣದೊಂದಿಗೆ ಪ್ರಕಟಿಸಿ ಕಾಪಿಡಬೇಕು. ಟೋಪಿಗೆ ಬಹುಮಾನವಿತ್ತು ಮಾತನ್ನು ಗಾಳಿಗೆ ಬಿಡುವ ಊರು ಡಂಗುರದ ಪರಂಪರೆಯನ್ನು ಉಳಿಸಿದೆನೆಂದು ಹೇಳಿಕೊಳ್ಳಲಾಗದು.