ಪುಳಿಯೋಗರೆ ಪುಡಿ ಮತ್ತು ಹಂದಿಯ ಲಿವರ್

ಈ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ರಿಲೀಸ್ ಗಡಿಬಿಡಿ, ಅದು ಮುಗಿದ ಮೇಲೆ ಸೋಮಾರಿತನ. ಇವತ್ತು ಬರೆಯೋಕೆ ಕೂತಿದ್ದಕ್ಕೆ ಕಾರಣ ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ನಡೆದ ಒಂದು ಸಣ್ಣ ಜಗಳ.

ನಾನು ಡಬ್ಬಿ ತೆಗೆದೆ. ಪುಳಿಯೋಗರೆ. ಎದುರಿಗೆ ಕೂತಿದ್ದ ನಮ್ಮ ಟೀಮಿನ ಗೆಳತಿ (ಎರಡು ವರ್ಷದಿಂದ ಹಾಲು, ಮೊಸರು, ತುಪ್ಪ ಎಲ್ಲಾ ಬಿಟ್ಟು ಪೂರ್ತಿ ವೀಗನ್ ಆಗಿದ್ದಾಳೆ) ಕೇಳಿದಳು, "ಮನೆ ಗೊಜ್ಜಾ, ಪ್ಯಾಕೆಟ್ಟಾ?"

"ಪ್ಯಾಕೆಟ್ಟು. ಎಂಟಿಆರ್."

"ಹಾಗಾದ್ರೆ ಹಂದಿ ಮಾಂಸ ಮಾರೋರಿಗೆ ದುಡ್ಡು ಕೊಟ್ಟು ತಂದಿದೀಯ ಅನ್ನು."

ತಮಾಷೆಗೆ ಹೇಳಿದ್ದಲ್ಲ ಅಂತ ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನಗೆ ರೇಗಿತು. ರೇಗಿದ್ದು ಯಾಕೆ ಅಂದರೆ, ಅವಳು ಹೇಳಿದ ವಿಷಯ ನನಗೆ ಮೊದಲೇ ಗೊತ್ತಿತ್ತು, ಮತ್ತು ಅದರ ಬಗ್ಗೆ ನಾನು ಯೋಚನೆ ಮಾಡೋದನ್ನ ಮುಂದೂಡುತ್ತಾ ಬಂದಿದ್ದೆ.

ಗೊತ್ತಾದ ಕಥೆ ಹೇಳ್ತೀನಿ. ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ ಕೆಲಸದ ಮೇಲೆ ಓಸ್ಲೋಗೆ ಹೋಗಿದ್ದೆ. ಸೂಟ್‌ಕೇಸಿನಲ್ಲಿ ಅರ್ಧ ಉಣ್ಣೆ ಬಟ್ಟೆ, ಅರ್ಧ ಎಂಟಿಆರ್. ಸಾಂಬಾರ್ ಪುಡಿ, ಪುಳಿಯೋಗರೆ ಪುಡಿ, ರವೆ ಇಡ್ಲಿ ಮಿಕ್ಸು. ಅಲ್ಲಿಯ ಅಂಗಡಿಯೊಂದರಲ್ಲಿ ಬ್ರೆಡ್ಡಿಗೆ ಹಚ್ಚೋಕೆ ಏನಾದರೂ ಸಿಗುತ್ತಾ ಅಂತ ಹುಡುಕುವಾಗ ಹಳದಿ ಬಣ್ಣದ ಪುಟ್ಟ ಡಬ್ಬಿ ಕಣ್ಣಿಗೆ ಬಿತ್ತು. ಮೇಲೆ ನಗುತ್ತಿರುವ ಮಗುವಿನ ಮುಖ. ಪಾಪುಗಳ ತಿಂಡಿ ಇರಬೇಕು ಅಂದುಕೊಂಡು ಬುಟ್ಟಿಗೆ ಹಾಕಿದೆ. ಜೊತೆಗೆ ಬಂದಿದ್ದ ಅಲ್ಲಿಯ ಸಹೋದ್ಯೋಗಿ ನೋಡಿ ನಕ್ಕು ವಾಪಸ್ ಇಟ್ಟ. ಅದು ಹಂದಿಯ ಲಿವರ್ ಅರೆದು ಮಾಡಿದ ಪೇಸ್ಟು! ನಾರ್ವೆಯ ಮಕ್ಕಳೆಲ್ಲ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು ಬೆಳೆಯುವ ಸ್ಟಾಬ್ಯುರೆಟ್ ಬ್ರಾಂಡು. ಆಮೇಲೆ ಅವನೇ ಇನ್ನೊಂದು ಮಾತು ಹೇಳಿದ, "ಇದರ ಕಂಪನಿ ಓರ್ಕ್ಲಾ. ನಿಮ್ಮ ಬೆಂಗಳೂರಿನದ್ದೂ ಒಂದು ಕಂಪನಿ ಅವರ ಹತ್ತಿರ ಇದೆಯಲ್ಲಾ?"

ಇದೆ. ಮಾವಳ್ಳಿ ಟಿಫಿನ್ ರೂಮ್ಸ್. ಅವತ್ತು ರಾತ್ರಿ ರೂಮಿನಲ್ಲಿ ಅನ್ನಕ್ಕೆ ಪುಡಿ ಕಲಸುವಾಗ ಏನೋ ಒಂಥರಾ. ತಿಂದೆ ಅನ್ನಿ, ಹೊರಗಡೆ ಅಷ್ಟು ಚಳಿ, ಬೇರೆ ದಾರಿ ಇರಲಿಲ್ಲ :-)

1924ರಲ್ಲಿ ಯಜ್ಞನಾರಾಯಣ ಮಯ್ಯರು ಮತ್ತು ಅಣ್ಣತಮ್ಮಂದಿರು ಶುರು ಮಾಡಿದ ಹೋಟೆಲ್ಲು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ಬೆಲೆ ಇಳಿಸಬೇಕು ಅಂತ ಸರ್ಕಾರ ಕಟ್ಟುನಿಟ್ಟು ಮಾಡಿದಾಗ ನಷ್ಟ ತಡೆಯಲಾರದೆ ಹೋಟೆಲ್ ಮುಚ್ಚಿ, ಪುಡಿ-ಮಿಕ್ಸುಗಳನ್ನು ಪ್ಯಾಕೆಟ್ಟು ಮಾಡಿ ಮಾರೋಕೆ ಹೊರಟರು. ಆ ಪ್ಯಾಕೆಟ್ಟಿನ ವ್ಯಾಪಾರ ಬೆಳೆದು, 2007ರಲ್ಲಿ ಸುಮಾರು 8 ಕೋಟಿ ಡಾಲರಿಗೆ ಓರ್ಕ್ಲಾ ಪಾಲಾಯಿತು. ಲಾಲ್‌ಬಾಗ್ ರಸ್ತೆಯ ಹೋಟೆಲ್ಲು ಮಯ್ಯರ ಕುಟುಂಬದಲ್ಲೇ ಉಳಿಯಿತು. (ಎಷ್ಟೋ ಜನ ಇವೆರಡೂ ಒಂದೇ ಅಂತ ಇವತ್ತಿಗೂ ತಿಳಿದಿದ್ದಾರೆ. ನೀವು ಕ್ಯೂ ನಿಂತು ತಿನ್ನೋ ದೋಸೆಯ ದುಡ್ಡು ನಾರ್ವೆಗೆ ಹೋಗಲ್ಲ, ನಿಶ್ಚಿಂತೆಯಾಗಿ ತಿನ್ನಿ.) ನಾನಾಗ ಐದನೇ ಕ್ಲಾಸು.

ಈಗ ಅಜ್ಜಿಯ ವಿಷಯಕ್ಕೆ ಬರ್ತೀನಿ. ತೀರ್ಥಹಳ್ಳಿಯಲ್ಲಿರೋ ನಮ್ಮಜ್ಜಿ ಜೀವನದಲ್ಲಿ ಪ್ಯಾಕೆಟ್ ಪುಡಿ ಮುಟ್ಟಿದವರಲ್ಲ. "ಯಾರು ಯಾವ ಕೈಯಲ್ಲಿ ಮಾಡಿದ್ದೋ ಏನೋ, ನಂಗೆ ಬೇಡ ಮಾರಾಯ." ಓರ್ಕ್ಲಾ ಬರುವ ಮೊದಲೂ ಅದೇ ಮಾತು, ಆಮೇಲೂ ಅದೇ ಮಾತು. ಅವರ ತಕರಾರು ಮಡಿಯದ್ದು. ಅದರ ಒಳಗೆ ಜಾತಿ ಕೂತಿದೆ ಅನ್ನೋದನ್ನ ಬಚ್ಚಿಟ್ಟು ಪ್ರಯೋಜನ ಇಲ್ಲ. ನನ್ನ ಸಸ್ಯಾಹಾರವೂ ಅಷ್ಟೇ, ನಾನು ಕೂತು ಯೋಚಿಸಿ ಆರಿಸಿಕೊಂಡಿದ್ದಲ್ಲ, ಹುಟ್ಟಿದ ಮನೆಯಿಂದ ಬಂದಿದ್ದು. ಕಾಲೇಜಿಗೆ ಬಂದ ಮೇಲೆ ಪ್ರಾಣಿಗಳ ಸಂಕಟದ ಬಗ್ಗೆ ಓದಿ ಅದಕ್ಕೊಂದು ಕಾರಣ ಜೋಡಿಸಿಕೊಂಡೆ. ಕಾರಣ ನಿಜವಾದದ್ದೇ, ಆದರೆ ಆಮೇಲೆ ಬಂದಿದ್ದು.

ಗೆಳತಿ "ನನಗೆ ಬೇಡ" ಅಂದಾಗ ಕಿವಿಗೆ ಅಜ್ಜಿಯ ಮಾತೇ ಕೇಳಿದಂತಾಯಿತು. ಓಸ್ಲೋದ ರಾತ್ರಿ ನನಗಾದ 'ಒಂಥರಾ' ಕೂಡ ಅದೇ, ಹಳೇ ಮಡಿ. ಪುಡಿಯಲ್ಲಿ ಇರೋದು ಧನಿಯಾ, ಮೆಣಸಿನಕಾಯಿ, ಹುಣಸೆಹಣ್ಣು. ಮಾಲೀಕನ ಇನ್ನೊಂದು ಕಾರ್ಖಾನೆಯಲ್ಲಿ ಏನು ಅರೆಯುತ್ತಾರೆ ಅನ್ನೋದರಿಂದ ಪುಳಿಯೋಗರೆ ಮೈಲಿಗೆ ಆಗಲ್ಲ. ಅದಕ್ಕೇ ಮೊದಲು ಅವಳಿಗೆ, "ಇದು ಮಡಿ ಕಣೇ, ಹೊಸ ಹೆಸರಿಟ್ಟುಕೊಂಡಿದೀಯ ಅಷ್ಟೇ" ಅಂದುಬಿಟ್ಟೆ. ಗೆದ್ದೆ ಅಂತಲೂ ಅಂದುಕೊಂಡೆ.

ಸಂಜೆ ಬಸ್ಸಿನಲ್ಲಿ ಕೂತಾಗ ಹೊಳೆಯಿತು, ಅವಳು ಕೇಳಿದ್ದು ಅದಲ್ಲ. ಪುಡಿ ಶುದ್ಧವೋ ಅಶುದ್ಧವೋ ಅಂತ ಅವಳು ಕೇಳಲೇ ಇಲ್ಲ. ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಜಕ್ಕೂ ಎಲ್ಲಿಗೆ ಹೋಗುತ್ತೆ? ನಾವು ಇದನ್ನ ದೇವಸ್ಥಾನದ ಹುಂಡಿ ಥರ ಕಲ್ಪಿಸಿಕೊಳ್ತೀವಿ. ಎಲ್ಲರ ಕಾಸೂ ಒಂದೇ ಡಬ್ಬಕ್ಕೆ ಬಿದ್ದು, ಅದರಲ್ಲಿ ಒಂದು ಪಾಲು ಹಂದಿ ಖರೀದಿಗೆ ಅಂತ. ದೊಡ್ಡ ಕಂಪನಿಗಳ ಒಳಗೆ ಕೆಲಸ ಮಾಡಿದವರಿಗೆ ಗೊತ್ತು, ಅಲ್ಲಿ ನಡೆಯೋದು ಹಾಗಲ್ಲ. ನಾನು ಮೊದಲು ಕೆಲಸಕ್ಕಿದ್ದ ಪುಟ್ಟ ಕಂಪನಿಯನ್ನ ಒಂದು ದೈತ್ಯ ಕೊಂಡುಕೊಂಡಿತು. ಬಂದ ಹೊಸ ಮ್ಯಾನೇಜರುಗಳು ನಮ್ಮ ಪ್ರಾಡಕ್ಟಿನ ಹಿಂದಿನ ಆದರ್ಶ-ಗೀದರ್ಶ ಏನೂ ಕೇಳಲಿಲ್ಲ. ಒಂದು ಗ್ರಾಫ್ ಕೇಳಿದರು. ಯಾವ ಫೀಚರನ್ನ ಎಷ್ಟು ಜನ ಬಳಸ್ತಾರೆ? ಗೆರೆ ಮೇಲೆ ಹೋದದ್ದಕ್ಕೆ ಇನ್ನೂ ನಾಲ್ಕು ಜನರನ್ನ ಕೊಟ್ಟರು, ಕೆಳಗೆ ಬಂದದ್ದನ್ನ ಮೂರು ತಿಂಗಳಲ್ಲಿ ಮುಚ್ಚಿದರು. ಅಂಥವರ ಕಣ್ಣಿಗೆ ನನ್ನ ಪುಳಿಯೋಗರೆ ಪ್ಯಾಕೆಟ್ಟು ಹಂದಿಗೆ ಕೊಟ್ಟ ಚಂದಾ ಅಲ್ಲ, ಪುಳಿಯೋಗರೆಯ ಗ್ರಾಫಿನ ಮೇಲಿನ ಒಂದು ಚುಕ್ಕೆ. ನಾನು ಬಿಟ್ಟರೆ ಇಳಿಯೋದು ಪುಳಿಯೋಗರೆಯ ಗೆರೆ. ಲಿವರ್ ಪೇಸ್ಟಿನ ಗೆರೆಗೆ ಅದು ತಿಳಿಯೋದೂ ಇಲ್ಲ.

ಇದು ಬರೀ ಊಹೆಯಲ್ಲ. ಜಗತ್ತಿನ ಅತಿ ದೊಡ್ಡ ಮಾಂಸದ ಕಂಪನಿ ಬ್ರೆಜಿಲ್ಲಿನ ಜೆಬಿಎಸ್. ಅದು ಅಮೆರಿಕದಲ್ಲಿ ಪ್ಲಾಂಟೆರಾ ಅಂತ ಸಸ್ಯದಿಂದ ಮಾಡಿದ 'ಮಾಂಸ'ದ ಕಂಪನಿ ನಡೆಸುತ್ತಿತ್ತು. 2022ರಲ್ಲಿ ಮುಚ್ಚಿತು. ದನ, ಹಂದಿಗಳ ವ್ಯಾಪಾರ ಎಂದಿನಂತೆ ನಡೀತು. ಯೂರೋಪಿನಲ್ಲಿ ಅದೇ ಜೆಬಿಎಸ್ 2021ರಲ್ಲಿ ಕೊಂಡ ವಿವೆರಾ ಅನ್ನೋ ಸಸ್ಯಾಹಾರಿ ಕಂಪನಿಯನ್ನ ಉಳಿಸಿಕೊಂಡಿತು. ಓರ್ಕ್ಲಾ ಕೂಡ ಹಾಗೇ, ಒಂದು ಕೈಯಲ್ಲಿ ಲಿವರ್ ಡಬ್ಬಿ, ಟೊಮ್ಯಾಟೊ ರಸದಲ್ಲಿ ಅದ್ದಿದ ಮೀನಿನ ಡಬ್ಬಿ. ಇನ್ನೊಂದು ಕೈಯಲ್ಲಿ ಡೆನ್ಮಾರ್ಕಿನ ನಾಟುರ್ಲಿ ಅನ್ನೋ ಪೂರ್ತಿ ಸಸ್ಯಜನ್ಯ ಬ್ರಾಂಡು. ಅದಕ್ಕೆ ಹಂದಿಯ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ.

ಇಲ್ಲಿಗೆ ಮುಗಿಸಿದ್ದರೆ ನನಗೆ ಆರಾಮಿತ್ತು. ಆದರೆ ಮಾರನೇ ದಿನ ಗೆಳತಿ ಇನ್ನೊಂದು ಕಥೆ ತಂದಳು. ಅದು ಗಂಟಲಲ್ಲಿ ಸಿಕ್ಕಿಕೊಂಡಿದೆ.

ಹಾಲೆಂಡಿನಲ್ಲಿ ಯಾಪ್ ಕೊರ್ಟೆವೆಖ್ ಅಂತ ರೈತ. ಒಂಬತ್ತು ತಲೆಮಾರಿನಿಂದ ಕೃಷಿಯ ಮನೆತನ. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿ ಹಂದಿಜ್ವರ ಬಂದು ಹಂದಿಗಳನ್ನು ರಾಶಿರಾಶಿಯಾಗಿ ಕೊಂದರು. ಆ ಹೆಣಗಳನ್ನು ಇಡೋಕೆ ಇವನ ಶೀತಲಗೃಹ ಕೊಡ್ತೀಯಾ ಅಂತ ಕೇಳಿದರಂತೆ. ಅಲ್ಲಿಂದ ಮಾಂಸ ಬಿಟ್ಟ. ಆದರೆ ರುಚಿ ಬಿಡೋಕಾಗಲಿಲ್ಲ. 2010ರಲ್ಲಿ ಹೇಗ್ ನಗರದಲ್ಲಿ 'ವೆಜಿಟೇರಿಯನ್ ಬುಚರ್', ಅಂದರೆ ಸಸ್ಯಾಹಾರಿ ಕಟುಕ, ಅಂತ ಅಂಗಡಿ ತೆರೆದ. ಜನ ಮುಗಿಬಿದ್ದರು. 2018ರಲ್ಲಿ ಯೂನಿಲಿವರ್‌ಗೆ ಮಾರಿದ. ಆಗ ಯೂನಿಲಿವರ್ ಅದೇ ದೇಶದಲ್ಲಿ ಮಾಂಸದ ಸಾಸೇಜನ್ನೂ ಮಾರುತ್ತಿತ್ತು. ಸರಿ, ದೊಡ್ಡವರ ಹಡಗು ಹತ್ತಿದರೆ ಊರೂರಿಗೆ ತಲುಪುತ್ತೆ ಅನ್ನೋ ವಾದ ಒಪ್ಪೋಣ, ನಿಜವಾಗಲೂ ತಲುಪಿತು. ಆದರೆ 2025ರ ಮಾರ್ಚ್‌ನಲ್ಲಿ ಯೂನಿಲಿವರ್ ಅದನ್ನ ವಿವೆರಾಗೆ ಮಾರುವುದಾಗಿ ಪ್ರಕಟಿಸಿತು. ವಿವೆರಾ ಯಾರದ್ದು? ಜೆಬಿಎಸ್‌ದು! ಹಂದಿಯ ಹೆಣ ನೋಡಲಾರದೆ ಶುರು ಮಾಡಿದ ಅಂಗಡಿಯ ಹೆಸರು ಕೊನೆಗೆ ಜಗತ್ತಿನ ಅತಿ ದೊಡ್ಡ ಕಟುಕನ ಬಾಗಿಲಿಗೆ.

"ಈಗ ಹೇಳು, 2010ರಿಂದ ಅವನ ಹತ್ತಿರ ಕೊಂಡವರು ಏನು ಮಾಡಬೇಕು?" ಅಂದಳು.

ನಾನು ಬಹಳ ಹೊತ್ತು ಸುಮ್ಮನಿದ್ದೆ. ಆಮೇಲೆ ಹೇಳಿದ್ದು ಇದು. ಆ ಶೆಲ್ಫಿನಲ್ಲಿ ಇನ್ನೊಬ್ಬ ಸಣ್ಣವನ ಸರಕು ಅಷ್ಟೇ ಚೆನ್ನಾಗಿದ್ದರೆ ಅದನ್ನ ತಗೋಬೇಕು, ಹತ್ತು ಕಾಸು ಹೆಚ್ಚಾದರೂ. ಇಲ್ಲದಿದ್ದರೆ ಜೆಬಿಎಸ್‌ದನ್ನೇ ತಗೋಬೇಕು, ಬೈಕೊಂಡೇ ಆಗಲಿ. ಬಿಟ್ಟರೆ ಪ್ಲಾಂಟೆರಾ ಕಥೆಯೇ. ಆ ಜಾಗಕ್ಕೆ ಹಂದಿಯ ಸಾಸೇಜ್ ಬಂದು ಕೂರುತ್ತೆ. ಮಾಲೀಕತ್ವದ ನಿಜವಾದ ತೊಂದರೆ ನಮ್ಮ ದುಡ್ಡು ಮೈಲಿಗೆಯಾಗೋದಲ್ಲ. ಕೊರ್ಟೆವೆಖ್‌ಗೆ ಆ ಅಂಗಡಿ ಮುಚ್ಚಿದರೆ ನಿದ್ದೆ ಬರುತ್ತಿರಲಿಲ್ಲ. ಜೆಬಿಎಸ್‌ನ ಯಾವನಿಗೋ ಅದು ಎಕ್ಸೆಲ್ಲಿನ ಒಂದು ಸಾಲು. ಅಳಿಸೋಕೆ ಮನಸ್ಸಿಗೇನೂ ಆಗಲ್ಲ. ನಾನು ಹೆದರೋದು ಇದಕ್ಕೆ, ಹಂದಿಗಲ್ಲ.

ಇನ್ನೊಂದು, ಗಿರಾಕಿಯಾಗಿ ಉಳಿದವನ ಮಾತಿಗೆ ಮಾತ್ರ ಬೆಲೆ. ಎಂಟಿಆರ್ ಮಾರಾಟವಾದ ಅದೇ 2007ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಸ್ ಕಂಪನಿ ತನ್ನ ಚಾಕೊಲೇಟುಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿ ಮಾಡಿದ ಹಾಲಿನ ಅಂಶ ಹಾಕ್ತೀವಿ ಅಂದಿತು. ಅಲ್ಲಿಯ ಸಸ್ಯಾಹಾರಿಗಳು ಗಲಾಟೆ ಎಬ್ಬಿಸಿದರು, ಸಾವಿರಾರು ದೂರು ಬಿದ್ದವು. ಕೆಲವೇ ದಿನಗಳಲ್ಲಿ ಕಂಪನಿ ತಪ್ಪಾಯ್ತು ಅಂತ ನಿರ್ಧಾರ ವಾಪಸ್ ತಗೊಂಡಿತು. ಮಾರ್ಸ್ ತಿನ್ನುತ್ತಿದ್ದ ಸಸ್ಯಾಹಾರಿಗಳು ಇದ್ದದ್ದರಿಂದ ತಾನೇ ಅದು ಹೆದರಿದ್ದು? ಹತ್ತು ವರ್ಷದ ಹಿಂದೆಯೇ ಅವರೆಲ್ಲ ಕೈತೊಳೆದುಕೊಂಡು ಹೋಗಿದ್ದರೆ ಯಾರಿಗೆ ಹೆದರಬೇಕಿತ್ತು?

ಗೆಳತಿ ಪೂರ್ತಿ ಒಪ್ಪಲಿಲ್ಲ. "ನಿನ್ನ ಲೆಕ್ಕ ಸರಿ ಇರಬಹುದು, ಆದರೆ ಕಾಫಿ ಕೆಳಗಿಟ್ಟು ಮಾತಾಡು" ಅಂದಳು. ನನ್ನ ಕೈಯಲ್ಲಿ ಹಾಲು ಹಾಕಿದ ಕಾಫಿ. ಗಂಡು ಕರುಗಳು ಎಲ್ಲಿಗೆ ಹೋಗ್ತವೆ ಅನ್ನೋ ಪ್ರಶ್ನೆ ಅವಳು ಮೊದಲೂ ಕೇಳಿದ್ದಾಳೆ, ಅದಕ್ಕೆ ನಾರ್ವೆವರೆಗೆ ಹೋಗಬೇಕಿಲ್ಲ. ಈ ಒಂದು ವಿಷಯದಲ್ಲಿ ಅವಳ ಮುಂದೆ ನನಗೆ ಬಾಯಿಲ್ಲ. ಇರಲಿ.

ಇನ್ನೊಂದು ನಾಚಿಕೆಗೇಡಿನ ವಿಷಯ ಹೇಳಿಬಿಡ್ತೀನಿ. 2025ರ ಅಕ್ಟೋಬರ್ ಕೊನೆಯಲ್ಲಿ ಓರ್ಕ್ಲಾ ಇಂಡಿಯಾ ಐಪಿಒ ಬಂತಲ್ಲ, ಅಪ್ಪ ಫೋನ್ ಮಾಡಿ "ಎಂಟಿಆರ್ ಶೇರು ಬಂದಿದೆಯಂತೆ, ಹಾಕೋ" ಅಂದರು. ಹಾಕಿದೆ! ಸಿಗಲಿಲ್ಲ, ನನ್ನ ಹಣೆಬರಹಕ್ಕೆ ಐಪಿಒ ಯಾವತ್ತೂ ಸಿಗಲ್ಲ. ಅರ್ಜಿ ಹಾಕುವಾಗ ಒಂದು ಸಲವೂ ಹಂದಿ ನೆನಪಾಗಲಿಲ್ಲ ನೋಡಿ. ಪ್ಯಾಕೆಟ್ಟು ಕೊಂಡವನಿಗಿಂತ ಶೇರು ಕೊಂಡವನಿಗೆ ಹೆಚ್ಚು ಹೊಣೆ ಇರುತ್ತೆ. ಪ್ಯಾಕೆಟ್ಟು ಕೊಂಡರೆ ಪುಳಿಯೋಗರೆಗೆ ಮಾತ್ರ ವೋಟು ಹಾಕಿದಂತೆ. ಶೇರು ಕೊಂಡರೆ ಆ ಕಂಪನಿಯ ಎಲ್ಲ ಲಾಭದಲ್ಲೂ ಪಾಲು. ಕೇರಳದ ಈಸ್ಟರ್ನ್ ಮಸಾಲೆ ಕಂಪನಿಯೂ 2021ರಿಂದ ಓರ್ಕ್ಲಾ ಬಳಗವೇ. ಅದರ ಚಿಕನ್ ಮಸಾಲೆ, ಮೀಟ್ ಮಸಾಲೆಗಳು ಚೆನ್ನಾಗಿ ಮಾರಾಟವಾದಷ್ಟೂ ನನಗೆ ಖುಷಿಯಾಗಬೇಕು. (ಚಿಕನ್ ಮಸಾಲೆ ಪ್ಯಾಕೆಟ್ಟಿನ ಮೇಲೂ ಹಸಿರು ಚುಕ್ಕೆ ಇರುತ್ತೆ, ಗಮನಿಸಿದ್ದೀರಾ? ಪುಡಿಯಲ್ಲಿ ಕೋಳಿ ಇಲ್ಲವಲ್ಲ!) ಪ್ಯಾಕೆಟ್ಟಿನ ವಿಷಯದಲ್ಲಿ ಗೆಳತಿಯ ಜೊತೆ ಇಷ್ಟು ವಾದ ಮಾಡಿದ ನಾನು, ಶೇರಿನ ವಿಷಯ ಅವಳಿಗೆ ಇನ್ನೂ ಹೇಳಿಲ್ಲ. ಇದನ್ನ ಓದಿದರೆ ಗೊತ್ತಾಗುತ್ತೆ.

ಸದ್ಯಕ್ಕೆ ನಾನು ಮಾಡ್ತಿರೋದು ಇಷ್ಟು. ಸಾಂಬಾರ್ ಪುಡಿ, ಚಟ್ನಿಪುಡಿ ನಮ್ಮ ಬೀದಿ ಕೊನೆಯ ಹೋಮ್ ಪ್ರಾಡಕ್ಟ್ಸ್ ಅಂಗಡಿಯಿಂದ. ಅಲ್ಲಿ ಕೂರೋ ಆಂಟಿಯೇ ಹುರಿದು ಪುಡಿ ಮಾಡಿಸಿದ್ದು, ರುಚಿಯೂ ಜಾಸ್ತಿ. ರವೆ ಇಡ್ಲಿ ಮಿಕ್ಸು ಮಾತ್ರ ಎಂಟಿಆರ್, ಅದಕ್ಕೆ ಸಮ ಇನ್ನೊಂದು ನನಗೆ ಸಿಕ್ಕಿಲ್ಲ. ಶೇರು ಬೇಡ ಅಂತ ಅಪ್ಪನಿಗೆ ಹೇಳಬೇಕು, ಇನ್ನೂ ಧೈರ್ಯ ಬಂದಿಲ್ಲ.

ಮುಂದಿನ ತಿಂಗಳು ಮತ್ತೆ ಓಸ್ಲೋ. ಅಜ್ಜಿಗೆ ಫೋನಿನಲ್ಲಿ ಹಳದಿ ಡಬ್ಬಿಯ ಕಥೆ ಹೇಳಿದೆ. "ಅಯ್ಯೋ ಶಿವನೇ" ಅಂದು, ಪುಳಿಯೋಗರೆ ಗೊಜ್ಜು ಕುದಿಸಿ ಬಸ್ಸಿನಲ್ಲಿ ಕಳಿಸ್ತೀನಿ ಅಂದಿದ್ದಾರೆ. ಎರಡು ಪ್ಯಾಕೆಟ್ ರವೆ ಇಡ್ಲಿ ಮಿಕ್ಸೂ ಸೂಟ್‌ಕೇಸಿಗೆ ಹೋಗುತ್ತೆ. ನಿಮ್ಮಲ್ಲಿ ಯಾರಾದರೂ ಅಲ್ಲಿದ್ದರೆ, ಕರಿಬೇವು ಎಲ್ಲಿ ಸಿಗುತ್ತೆ ಅಂತ ದಯವಿಟ್ಟು ತಿಳಿಸಿ. ಕಳೆದ ಸಲ ಪೂರ್ತಿ ಚಳಿಗಾಲ ಕರಿಬೇವಿಲ್ಲದ ಒಗ್ಗರಣೆಯಲ್ಲೇ ಕಳೆದೆ.